ಹಿರಿಯರು ಕಲಿಯಬೇಕಾದ ಇಂಗ್ಲಿಷ್

ನಮ್ಮ ಮನೆಗಳಲ್ಲಿ ಇಂಗ್ಲಿಷ್ ಎಂದರೆ ಮಕ್ಕಳ ಪಾಠ, ಹಿರಿಯರದ್ದಲ್ಲ. ಮಗು ಸ್ಪೆಲ್ಲಿಂಗ್ ಬಾಯಿಪಾಠ ಮಾಡುವುದನ್ನು ಕೇಳಿ ಹಿಗ್ಗುವ ತಂದೆ-ತಾಯಿಯರು, ತಮ್ಮದೇ ಅರ್ಜಿಯನ್ನು ಸೈಬರ್ ಸೆಂಟರ್‌ನಲ್ಲಿ ಇನ್ನೊಬ್ಬರಿಂದ ತುಂಬಿಸಿ, ಓದದೆಯೇ ಸಹಿ ಹಾಕಿ ಬರುತ್ತಾರೆ. ಆಧಾರ್‌ನಲ್ಲೊಂದು, ಅಂಕಪಟ್ಟಿಯಲ್ಲೊಂದು, ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು ಹೆಸರಿದೆಯೆಂಬುದು ತಿಳಿಯುವುದು ಎಷ್ಟೋ ವರ್ಷಗಳ ಬಳಿಕ.

ಅರಬಿ ಮೂಲದ ಹೆಸರುಗಳು ಈ ತೊಡಕಿಗೆ ಸುಲಭವಾಗಿ ಸಿಲುಕುತ್ತವೆ. ಮುಹಮ್ಮದ್ ಎಂದು ಅರಬಿಯಲ್ಲಿ ಬರೆಯಲು ಮೀಮ್, ಹಾ, ಮೀಮ್, ದಾಲ್ ಎಂಬ ನಾಲ್ಕು ಅಕ್ಷರಗಳು ಸಾಕು. ಹ್ರಸ್ವ ಸ್ವರಗಳು ಹರಕತ್‌ಗಳಾಗಿ ಉಳಿಯುತ್ತವೆ. ಮಕಾರದ ದ್ವಿತ್ವವನ್ನು ಶದ್ದ್ ಸೂಚಿಸುತ್ತದೆ. ಇಂಗ್ಲಿಷ್‌ನಲ್ಲಿ ಮೊದಲ ಸ್ವರವನ್ನು ಒಬ್ಬರು ಯು ಎಂದರೆ ಇನ್ನೊಬ್ಬರು ಓ ಎನ್ನುತ್ತಾರೆ. ಕೊನೆಯ ಸ್ವರ ಎ ಆಗಬಹುದು, ಇ ಆಗಬಹುದು. ನಡುವಿನ ಎಮ್ ಒಂದಿರಬಹುದು, ಎರಡಿರಬಹುದು. ಇಷ್ಟರಿಂದಲೇ 8 ರೂಪಗಳಾದವು! ಇವುಗಳಲ್ಲಿ ಯಾವುದನ್ನೂ ತಪ್ಪೆನ್ನಲಾಗದು. ಆದರೆ ಕಚೇರಿಯ ಕಂಪ್ಯೂಟರಿಗೆ ಅವರು 8 ಮಂದಿ ಬೇರೆ ಬೇರೆ ವ್ಯಕ್ತಿಗಳು. ಅವರನ್ನು ಒಬ್ಬನನ್ನಾಗಿಸಲು ಅಫಿಡವಿಟ್, ಪತ್ರಿಕಾ ಜಾಹೀರಾತು, ಗೆಜೆಟ್ ಎಂದು ಅಲೆದಾಟ ತಪ್ಪದು.

ಪದಗಳ ಅರ್ಥ ತಿಳಿಯದಿರುವುದರ ಪರಿಣಾಮವೂ ಕಡಿಮೆಯದಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಗಿವನ್ ನೇಮ್, ಸರ್‌ನೇಮ್ ಎಂಬ ಎರಡು ಅಂಕಣಗಳಿವೆ. ನಮ್ಮಲ್ಲಿ ಮನೆತನದ ಹೆಸರಿಲ್ಲದವರು ಬಹಳ; ಎರಡನೆಯದನ್ನು ಖಾಲಿ ಬಿಡುವುದು ಸಾಮಾನ್ಯ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದಾಗ ಆ ಖಾಲಿ ಅಂಕಣದ ಬೆಲೆ ಅರಿವಾಯಿತು. ಕೊಲ್ಲಿಯನ್ನೇ ನೆಚ್ಚಿಕೊಂಡಿರುವ ಕರಾವಳಿಯ ಮನೆಗಳಿಗೆ ಇದು ಅನ್ನದ ಪ್ರಶ್ನೆ.

ಪ್ರವಾದಿ(ಸ)ಯವರು ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಲಿಪಿಯನ್ನು ಕಲಿಯಲು ಆದೇಶಿಸಿದ್ದು ಹದೀಸ್‌ನಲ್ಲಿ ದಾಖಲಾಗಿದೆ. ಅರ್ಧ ತಿಂಗಳೊಳಗೆ ಅವರು ಕಲಿತರು. ಉದ್ದೇಶ ಪಾಂಡಿತ್ಯವಾಗಿರಲಿಲ್ಲ, ಬಂದ ಪತ್ರವನ್ನು ಓದಲು, ಉತ್ತರ ಬರೆಯಲು ಅನ್ಯರನ್ನು ಅವಲಂಬಿಸಬಾರದೆಂಬುದಾಗಿತ್ತು. ನಮಗೆ ಬೇಕಾದ ಇಂಗ್ಲಿಷ್ ಕೂಡ ಅಷ್ಟೇ. ಔಷಧದ ಚೀಟಿಯಲ್ಲಿ ಊಟಕ್ಕೆ ಮೊದಲು, ಊಟದ ನಂತರ ಎಂದು ಬರೆದಿರುವುದನ್ನು, ಮಾತ್ರೆಯ ಅವಧಿ ಮುಗಿಯುವ ದಿನಾಂಕವನ್ನು, ಉದ್ಯೋಗ ಒಪ್ಪಂದದ ಸಂಬಳದ ಸಾಲನ್ನು ಸ್ವತಃ ಓದಿಕೊಳ್ಳುವಷ್ಟು. ಇಂಗ್ಲಿಷ್ ಕಲಿಸುತ್ತೇವೆಂದು ಸಾವಿರಾರು ರೂಪಾಯಿ ಪಡೆಯುವ ತರಗತಿಗಳು ಈ ಪದಗಳನ್ನು ಬಿಟ್ಟು ಶೋಕಿಯ ಸಂಭಾಷಣೆಯಿಂದ ಆರಂಭಿಸುವುದೇಕೋ ತಿಳಿಯದು.

ಇಂಗ್ಲಿಷ್ ಸ್ಪೆಲ್ಲಿಂಗ್ ಅಡ್ಡಾದಿಡ್ಡಿ ಎಂಬುದು ನಿಜ. ಸಾಲ ಎಂಬರ್ಥದ ಡೆಟ್ ಪದದಲ್ಲಿ ಯಾರೂ ಉಚ್ಚರಿಸದ ಬಿ ಅಕ್ಷರವಿದೆ. ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ವಿದ್ವಾಂಸರು ಬಳಿಕ ಸೇರಿಸಿದ್ದು ಅದು. ಇಂಥದ್ದು ಬಾರದವನನ್ನು ದಡ್ಡನೆನ್ನುವುದು ಅನ್ಯಾಯ. ಆದರೆ ಅಕ್ಷರದ ಎಚ್ಚರ ನಮಗೆ ಹೊಸತಲ್ಲ. ಕಾಫ್‌ಗಳೆರಡರ ವ್ಯತ್ಯಾಸ ತಪ್ಪಿದರೆ ಹೃದಯವೆಂಬ ಪದ ನಾಯಿಯಾಗುತ್ತದೆಂದು ಮದ್ರಸದಲ್ಲಿ ಕಲಿತವರಲ್ಲವೇ ನಾವು? ಅದೇ ಎಚ್ಚರವನ್ನು ಅರ್ಜಿಯ ಮುಂದೆಯೂ ತೋರಿದರಾಯಿತು.

ಮಗುವಿಗೆ ಏಳನೆಯ ದಿನ ಹೆಸರಿಡುತ್ತೇವೆ, ಅಕೀಕಾ ನಡೆಸುತ್ತೇವೆ. ಜನನ ನೋಂದಣಿಗೆ ಕಾನೂನು ನೀಡಿರುವ ಅವಧಿ 21 ದಿನ. ನಡುವಿನ ಈ ಎರಡು ವಾರಗಳಲ್ಲಿ ಮನೆಯವರೆಲ್ಲ ಕುಳಿತು ಮಗುವಿನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ನಿರ್ಧರಿಸಲಿ. ತಂದೆ-ತಾಯಿಯರ ಹೆಸರು ಅವರ ದಾಖಲೆಗಳಲ್ಲಿ ಹೇಗಿದೆಯೆಂದು ನೋಡಿ, ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ. ಪ್ರಮಾಣಪತ್ರ ಕೈಗೆ ಬಂದ ದಿನ ಆ ಕಾಗದದೊಂದಿಗೆ ಹೋಲಿಸಿ ನೋಡುವ ಕೆಲಸ ತಾಯಿಯದಾಗಲಿ.