ಡ್ಯಾಂ ನೀರಿನ ಲೆಕ್ಕ ದಿನಾ ಸಿಗುತ್ತೆ, ಮುಳುಗಿದವರ ಲೆಕ್ಕ ಎಲ್ಲಿ?

ಮಳೆಗಾಲದಲ್ಲಿ ನನ್ನ ದಿನ ಶುರುವಾಗುವುದೇ ಒಂದು ಅಂಕಿಯಿಂದ. ಬೆಳಿಗ್ಗೆ ಡೆಸ್ಕಿನಿಂದ ಮೆಸೇಜು ಬರುತ್ತದೆ: 'ಲಿಂಗನಮಕ್ಕಿ ಲೆವೆಲ್ ಕಳಿಸಿ.' ಇವತ್ತು ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಹೋದ ವರ್ಷ ಇದೇ ದಿನ ಇಷ್ಟು, ಗರಿಷ್ಠ ಮಟ್ಟ 1819 ಅಡಿ. ಹತ್ತು ನಿಮಿಷದಲ್ಲಿ ಎಲ್ಲ ಸಿಗುತ್ತದೆ, ದಶಮಾಂಶದ ಸಮೇತ.

ಈಗ ಅದೇ ನೀರಿನ ಅಡಿಯಲ್ಲಿ ಯಾವ ಯಾವ ಊರಿತ್ತು, ಯಾವ ಮನೆಯವರನ್ನು ಎಲ್ಲಿಗೆ ಕಳಿಸಿದರು, ಅವರಿಗೆ ತೋರಿಸಿದ ಜಾಗದ ಸರ್ವೆ ನಂಬರ್ ಏನು ಎಂದು ಕೇಳಿ ನೋಡಿ. ನಾನು ಕೇಳಿದ್ದೇನೆ. ಒಂದು ಕಚೇರಿಯಲ್ಲಿ 'ಆ ಫೈಲು ಇನ್ನೊಂದು ಆಫೀಸಿಗೆ ಹೋಗಿದೆ' ಎಂದರು. ಆ ಇನ್ನೊಂದು ಆಫೀಸಿನಲ್ಲಿ 'ಅದೆಲ್ಲ ನಮ್ಮ ಕಾಲದ್ದಲ್ಲ' ಎಂದರು. ನನ್ನ ಪ್ರಶ್ನೆಗೆ ಬಂದ ಉತ್ತರ ಅಷ್ಟೇ.

ಅದಕ್ಕೇ ಹೇಳುತ್ತಿದ್ದೇನೆ: ಶರಾವತಿ ಕಣಿವೆಯಲ್ಲಿ ಹೊಸ ಯೋಜನೆಗೆ ಒಂದೇ ಒಂದು ಮರ ಕಡಿಯುವ ಮೊದಲು, ಹಳೇ ಯೋಜನೆಯಲ್ಲಿ ಎದ್ದು ಹೋದ ಜನರ ಲೆಕ್ಕ ಚುಕ್ತಾ ಆಗಬೇಕು.

ಹಳೇ ಕತೆ ಗೊತ್ತಿರದ ಹುಡುಗರಿಗೆ ಸ್ವಲ್ಪ ಹೇಳುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಈ ನದಿ ಉದ್ದದಲ್ಲಿ ದೊಡ್ಡದೇನಲ್ಲ. ಆದರೂ ಇದಕ್ಕೆ ಕಟ್ಟಿದ ಕಟ್ಟೆಗಳು ಎಷ್ಟು! ಮೊದಲು ಹಿರೇಭಾಸ್ಕರ, ನಾವು ಮಡೆನೂರು ಡ್ಯಾಂ ಎನ್ನುತ್ತೇವಲ್ಲ, ಅದು. ಅದರ ನೀರಿನಿಂದ 1948ರಲ್ಲಿ ಜೋಗದ ಹತ್ತಿರ ವಿದ್ಯುತ್ ಶುರುವಾಯಿತು. ಅದು ಸಾಲದು ಎಂದು ಕೆಳಗೆ ಲಿಂಗನಮಕ್ಕಿ ಕಟ್ಟಿದರು, 1964ರಲ್ಲಿ ಮುಗಿಯಿತು. ಆ ನೀರಲ್ಲಿ ಮಡೆನೂರು ಡ್ಯಾಮೇ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಈಗಲೂ ಅದು ಮೇಲೆ ಕಾಣುತ್ತದೆ, ಜನ ಹೋಗಿ ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ತಾನೇ ಕಟ್ಟಿದ ಡ್ಯಾಮನ್ನು ಹದಿನಾರು ವರ್ಷಕ್ಕೆ ತಾನೇ ಮುಳುಗಿಸಿದ ಸರ್ಕಾರಕ್ಕೆ ನಮ್ಮ ಗದ್ದೆ, ತೋಟ, ಮನೆ ಯಾವ ಲೆಕ್ಕ?

ಇದರಲ್ಲೂ ಎಲ್ಲರ ನಷ್ಟ ಒಂದೇ ಥರ ಇರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಭತ್ತ ಅಳೆಯುವ ಕೊಳಗದಿಂದ ಶುರುವಾದ ಜಗಳ ಅದು. ಎಚ್. ಗಣಪತಿಯಪ್ಪ ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 'ಉಳುವವನೇ ಹೊಲದೊಡೆಯ' ಎನ್ನುವ ಮಾತು ಈ ನೆಲದಲ್ಲಿ ಬೇರು ಬಿಟ್ಟಿತು. ಆದರೆ ಗೇಣಿದಾರನಿಗೆ ಭೂಮಿ ಕೊಡಿಸಿದ ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅಷ್ಟರಲ್ಲಿ ಕಣಿವೆಯ ಗದ್ದೆಗಳು ನೀರೊಳಗೆ ಹೋಗಿ ಹತ್ತು ವರ್ಷ ಆಗಿತ್ತು. ಬೇರೆ ಕಡೆ ಡಿಕ್ಲರೇಷನ್ ಹಾಕಿ ಗದ್ದೆ ಮಾಡಿಕೊಂಡ ಹಾಗೆ ಇಲ್ಲಿಯವರು ಮಾಡಿಕೊಳ್ಳಲು ಗದ್ದೆಯೇ ಇರಲಿಲ್ಲ. ದಾಖಲೆಯಲ್ಲಿ ಹೆಸರಿದ್ದ ಒಡೆಯರ ಮಾತು ಬೇರೆ. ಉತ್ತು ಬಿತ್ತಿದವರ ಹೆಸರು ಎಲ್ಲೂ ಇರಲಿಲ್ಲ.

ಆಮೇಲೆ ಲಾರಿ ಬಂತು. ಪುನರ್ವಸತಿ ಊರೊಂದರಲ್ಲಿ ಜಗಲಿ ಮೇಲೆ ಕೂತಿದ್ದ ಅಜ್ಜರೊಬ್ಬರನ್ನು 'ಆಗ ಏನಾದರೂ ಕಾಗದ ಕೊಟ್ಟಿದ್ರಾ?' ಎಂದು ಕೇಳಿದೆ. ಅವರು ಕವಳ ಉಗಿದು ಹೇಳಿದರು: 'ಲಾರಿ ಬಂತು, ಹತ್ತಿ ಅಂದ್ರು, ಹತ್ತಿದ್ವಿ. ದನ ಒಂದು ಕಡೆ, ಪಾತ್ರೆ ಒಂದು ಕಡೆ, ಮಕ್ಕಳು ಅಳ್ತಾ ಇದ್ರು. ಅವಾಗ ರಶೀದಿ ಕೊಡಿ ಅಂತ ಯಾರು ಕೇಳ್ತಾರೆ ಮಾರಾಯಾ?'

ಆ ರಶೀದಿಯನ್ನೇ ಸರ್ಕಾರ ಈಗ ಕೇಳುತ್ತಿದೆ.

ಕಾಡಿನ ಅಂಚಿನಲ್ಲಿ ತಂದು ಬಿಟ್ಟರು. ಜನ ನೆಲ ಹದ ಮಾಡಿಕೊಂಡರು, ಬಾವಿ ತೋಡಿದರು, ಅಡಿಕೆ ಹಾಕಿದರು. ಆದರೆ ಎಷ್ಟೋ ಕಡೆ ಆ ಜಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು ಎಂದಾಯಿತು. ರಾಜ್ಯ ಸರ್ಕಾರ ಆ ಒಪ್ಪಿಗೆ ಪಡೆಯದೆ ಡಿನೋಟಿಫೈ ಆದೇಶ ಹೊರಡಿಸಿತು, ಅದು ಹೈಕೋರ್ಟಿನಲ್ಲಿ ಬಿದ್ದುಹೋಯಿತು. ತಪ್ಪು ಮಾಡಿದ್ದು ಆದೇಶ ಬರೆದವರು. ಸಂತ್ರಸ್ತರಾಗಿದ್ದವರು ಮಾತ್ರ ರಾತ್ರಿ ಬೆಳಗಾಗುವುದರೊಳಗೆ ಮತ್ತೆ ಒತ್ತುವರಿದಾರರಾದರು.

ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ ಎನ್ನುತ್ತೀರಿ. ಅದನ್ನೂ ನೋಡೋಣ. ಬುಡಕಟ್ಟಿಗೆ ಸೇರದ ಇತರ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿ ಅದನ್ನೇ ನಂಬಿ ಬದುಕಿದ್ದನ್ನು ತೋರಿಸಬೇಕು. ಲೆಕ್ಕ ಹಾಕಿ, ಅದು 1930 ಆಗುತ್ತದೆ. ಆದರೆ ಈ ಜನರನ್ನು ಸರ್ಕಾರವೇ ಹೊಸ ಜಾಗಕ್ಕೆ ತಂದದ್ದು 1960ರ ಆಸುಪಾಸಿನಲ್ಲಿ. 1930ರಲ್ಲಿ ಇವರ ಅಜ್ಜಂದಿರು ಇದ್ದ ಊರು ಈಗ 1819 ಅಡಿ ಮಟ್ಟದ ಕೆಳಗಿದೆ. ಸಾಕ್ಷಿ ತರಲು ಮುಳುಗು ಹಾಕಬೇಕೇ?

ಇಷ್ಟು ವರ್ಷ ಆಗದ ಕೆಲಸಗಳನ್ನೂ ನೆನಪಿಡಿ. ಹಿನ್ನೀರಿನಾಚೆಯ ತುಮರಿ ಕಡೆಯವರು ಬಸುರಿ ಹೆಂಗಸರನ್ನೂ ಹಾವು ಕಚ್ಚಿದವರನ್ನೂ ಲಾಂಚಿಗೆ ಕಾದು ದಾಟಿಸಿದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈನಲ್ಲಿ. ಡ್ಯಾಂ ಮುಗಿದು 61 ವರ್ಷದ ಮೇಲೆ. ಇದೇ ಯೋಜನೆಯಲ್ಲಿ ಸರ್ಕಾರಿ ನೌಕರಿ ಮಾಡುತ್ತಲೇ ನಾ. ಡಿಸೋಜ ಮುಳುಗಡೆಯವರ ಕತೆಗಳನ್ನು ಬರೆದರು, 'ದ್ವೀಪ' ಗಿರೀಶ ಕಾಸರವಳ್ಳಿಯವರ ಸಿನಿಮಾ ಆಗಿ ಪ್ರಶಸ್ತಿಯನ್ನೂ ಪಡೆಯಿತು. ಕಾದಂಬರಿಯಲ್ಲಿ ಸಿಗುವಷ್ಟು ಜನರ ವಿವರ ಕಚೇರಿಯಲ್ಲಿ ಸಿಗುವುದಿಲ್ಲ ಎಂದರೆ ನಾಚಿಕೆಯಾಗಬೇಕಾದ್ದು ಯಾರಿಗೆ?

ಹೀಗಿರುವಾಗ ಹೊಸ ಯೋಜನೆ ಬಂದಿದೆ. ಶರಾವತಿ ಪಂಪ್ಡ್ ಸ್ಟೋರೇಜ್, 2000 ಮೆಗಾವಾಟ್. ಗೇರುಸೊಪ್ಪ ಜಲಾಶಯದ ನೀರನ್ನು ಕರೆಂಟು ಹೆಚ್ಚಿರುವ ಹೊತ್ತಿನಲ್ಲಿ ಮೇಲಿನ ತಲಕಳಲೆಗೆ ಎತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಇದು ಬ್ಯಾಟರಿ ಇದ್ದಂತೆ. ಎತ್ತಲು ಬೇಕಾಗುವ ಕರೆಂಟು, ವಾಪಸ್ ಬರುವುದಕ್ಕಿಂತ ಹೆಚ್ಚು. ಸುರಂಗ, ರಸ್ತೆ ಎಲ್ಲ ಬರುವುದು ಸಿಂಗಳೀಕ ಅಭಯಾರಣ್ಯದ ಕಾಡಿನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್‌ನಲ್ಲೂ ಗೇರುಸೊಪ್ಪದಲ್ಲೂ ಸಾರ್ವಜನಿಕ ಅಹವಾಲು ಸಭೆ ನಡೆಯಿತು, ಜನ ಬೇಡ ಎಂದರು. ಮುಳುಗಡೆಯವನು ದನದ ಕೊಟ್ಟಿಗೆ ವಿಸ್ತರಿಸಿದರೆ ಅರಣ್ಯದ ಕೇಸು. ಗುಡ್ಡದ ಹೊಟ್ಟೆ ಕೊರೆಯುವ ಯೋಜನೆಗೆ ಮಾತ್ರ ಫೈಲು ಮೇಜಿನಿಂದ ಮೇಜಿಗೆ ಓಡುತ್ತದೆ.

'ನೀನೂ ಕರೆಂಟು ಬಳಸ್ತೀಯಲ್ಲ, ಈ ಲೇಖನ ಫೋನಲ್ಲೇ ಬರೆದದ್ದಲ್ವಾ?' ಎಂದು ಕೇಳುವವರಿದ್ದಾರೆ. ಹೌದು, ಫೋನಲ್ಲೇ ಬರೆದೆ. ಶರಾವತಿಯ 1035 ಮೆಗಾವಾಟಿನ ಪವರ್‌ಹೌಸು ನಾಡಿಗೆ ಅಗ್ಗದ ಬೆಳಕು ಕೊಟ್ಟದ್ದು ಸುಳ್ಳಲ್ಲ. ಸಂಜೆಗೆ ಸೋಲಾರ್ ಕರೆಂಟು ಉಳಿಸಿಡುವ ದಾರಿ ಬೇಕು ಎನ್ನುವುದೂ ಸರಿ. ಆದರೆ ಸಾಲ ಪಡೆದವನು ಹಳೇ ಸಾಲ ತೀರಿಸದೆ ಹೊಸ ಸಾಲಕ್ಕೆ ಬಂದರೆ ನಮ್ಮ ಸೊಸೈಟಿ ಕೊಡುತ್ತದೆಯೇ? ಈ ಕಣಿವೆ ಒಮ್ಮೆ ಕೊಟ್ಟಿದೆ. ವಾಪಸ್ ಬಂದಿಲ್ಲ.

ಇನ್ನೊಂದು ಮಾತು, ನಮ್ಮವರಿಗೂ ಹಿಡಿಸಲಿಕ್ಕಿಲ್ಲ. ಮುಳುಗಡೆಯವರ ಹೆಸರು ಹೇಳಿಕೊಂಡು ಹತ್ತಾರು ಎಕರೆ ಬೇಲಿ ಹಾಕಿದ ದೊಡ್ಡವರೂ ಇದ್ದಾರೆ. ಪಟ್ಟಿ ಇಲ್ಲದಿದ್ದರೆ ಲಾಭ ಅವರಿಗೇ. ನಿಜವಾದ ಮುಳುಗಡೆಯವನು ಯಾರು ಎಂದು ಗೊತ್ತಾಗದಿರುವವರೆಗೆ ಅವರು ಅವನ ಬೆನ್ನ ಹಿಂದೆ ಅಡಗಬಹುದು. ಹಾಗಾಗಿ ಪಟ್ಟಿ ಕೇಳಲು ನಾವು ಹೆದರಬಾರದು.

ಕೇಳುವುದು ಇಷ್ಟು. ಮುಳುಗಿದ ಪ್ರತಿ ಊರಿನ ಹೆಸರು, ಸರ್ವೆ ನಂಬರ್, ಒಡೆಯರು, ಗೇಣಿದಾರರು, ಪ್ರತಿ ಕುಟುಂಬ ಹೋದ ಜಾಗ, ಇವನ್ನು ಪಟ್ಟಿ ಮಾಡಿ ಗ್ರಾಮ ಪಂಚಾಯಿತಿ ಬೋರ್ಡಿಗೆ ಹಾಕಿ. ತಪ್ಪಿದ್ದರೆ ಗ್ರಾಮಸಭೆಯಲ್ಲಿ ತಿದ್ದಲಿ. ಸರ್ಕಾರವೇ ಕೂರಿಸಿದ ಜಾಗಕ್ಕೆ ಕೇಂದ್ರದ ಒಪ್ಪಿಗೆ ತಂದು ಹಕ್ಕುಪತ್ರ ಕೊಡಿ. ಅಲ್ಲಿಯವರೆಗೆ ಸುರಂಗದ ಮಾತು ಬೇಡ.

ಸರ್ಕಾರ ಮಾಡುವವರೆಗೆ ನಾವು ಕಾಯುವಂತಿಲ್ಲ. 1964ರಲ್ಲಿ ಹದಿನೈದು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಅಂಥವರಿದ್ದರೆ ಈ ಭಾನುವಾರವೇ ಫೋನಿನ ರೆಕಾರ್ಡರ್ ಒತ್ತಿ ಕೂರಿ. ಊರು ಯಾವುದು, ಮನೆ ಹೆಸರೇನು, ಅಕ್ಕಪಕ್ಕ ಯಾರಿದ್ದರು, ಗೇಣಿ ಯಾರಿಗೆ ಅಳೆಯುತ್ತಿದ್ದರು, ಲಾರಿ ಎಲ್ಲಿ ಇಳಿಸಿತು, ಎಲ್ಲ ಕೇಳಿ. ಅದನ್ನು ಬರೆದು, ಓದಿ ಹೇಳಿ, ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಳ್ಳಿ. ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷಿಯಾಗಿ ನೋಡಬೇಕು ಎಂದು ಅರಣ್ಯ ಹಕ್ಕು ನಿಯಮದಲ್ಲೇ ಇದೆ. ಒಂದು ಪ್ರತಿ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಈ ಸಲ ರಶೀದಿ ಕೇಳಿ ತೆಗೆದುಕೊಳ್ಳಿ.