ದೊಡ್ಡಾಸ್ಪತ್ರೆಗೆ ಹಣವಿದೆ, ಮನೆಯವರಿಗೆ ಕಲಿಸಲು ಹತ್ತು ನಿಮಿಷವಿಲ್ಲ

ಗಣಿ ಹಣ ಎಲ್ಲಿಗೆ ಹೋಗಬೇಕು ಎಂಬ ವಾದ ನಮ್ಮ ಸೀಮೆಯಲ್ಲಿ ಮುಗಿಯುವಂಥದ್ದಲ್ಲ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರ ಮಾಡಿಕೊಂಡು ವಿಜಯನಗರ ಜಿಲ್ಲೆ ಹುಟ್ಟಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಯಾವ ಊರಿಗೆ ದೊಡ್ಡಾಸ್ಪತ್ರೆ, ಯಾವ ತಾಲ್ಲೂಕಿಗೆ ಸ್ಕ್ಯಾನಿಂಗ್ ಯಂತ್ರ ಎಂಬ ಜಗ್ಗಾಟ ಮಾತ್ರ ಎರಡೂ ಕಡೆ ನಡೆದೇ ಇದೆ. ಕಟ್ಟಡ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಸಕ್ಕರೆ ಕಾಯಿಲೆ, ಲಕ್ವ, ಕಿಡ್ನಿ ತೊಂದರೆ, ಅದಿರಿನ ಧೂಳು ಕುಡಿದು ಹತ್ತಿದ ಉಬ್ಬಸ, ಇಂಥವು ಆಸ್ಪತ್ರೆಯಲ್ಲಿ ಇರುವುದು ವರ್ಷಕ್ಕೆ ನಾಲ್ಕಾರು ದಿನ. ಮಿಕ್ಕ ದಿನವೆಲ್ಲ ಅವು ಮನೆಯಲ್ಲೇ ಇರುತ್ತವೆ. ಅಲ್ಲಿ ನರ್ಸ್ ಆಗುವವಳು ಹೆಂಡತಿ, ಸೊಸೆ ಅಥವಾ ಶಾಲೆ ಬಿಟ್ಟ ಮಗಳು. ಅವಳಿಗೆ ಕಲಿಸುವ ಕೆಲಸಕ್ಕೂ ಹಣ ತೆಗೆದಿಡಿ ಎಂಬ ಬೇಡಿಕೆ ಈ ಜಗ್ಗಾಟದಲ್ಲಿ ಕೇಳಿಬರುತ್ತಿಲ್ಲ.

ಇನ್ಸುಲಿನ್ ಒಂದನ್ನೇ ನೋಡಿ. ಬಾಟಲಿಯಲ್ಲಿ ಬರುವ ಇನ್ಸುಲಿನ್‌ನಲ್ಲಿ ಎರಡು ಬಗೆ: ಮಿ.ಲೀ.ಗೆ 40 ಯೂನಿಟ್‌ನದು, 100 ಯೂನಿಟ್‌ನದು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಅರ್ಧ ರಾತ್ರಿಯಲ್ಲಿ ಮೈ ಬೆವರಿ, ಮಾತು ತೊದಲಿ, ಎಚ್ಚರ ತಪ್ಪಬಹುದು. ಅದಲುಬದಲಾಗಿ 40ರದ್ದನ್ನು ಕಿತ್ತಳೆ ಮುಚ್ಚಳದ್ದರಲ್ಲಿ ಎಳೆದರೆ ಐದರಲ್ಲಿ ಎರಡು ಪಾಲಷ್ಟೇ ಸೇರುತ್ತದೆ. ಶುಗರ್ ಇಳಿಯದೆ ಮನೆಯವರು ಕಂಗಾಲಾಗುತ್ತಾರೆ. ಫ್ರಿಜ್ಜಿಲ್ಲದವರು ಏಪ್ರಿಲ್‌ನ ನಮ್ಮ ಬಿಸಿಲಿನಲ್ಲಿ ಬಾಟಲಿಯನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ, ನೀರು ತಾಗದಂತೆ ಇಡಬೇಕು. ಇಷ್ಟನ್ನೂ ಕೈಯಾರೆ ಮಾಡಿ ತೋರಿಸಲು ಹತ್ತು ನಿಮಿಷ ಸಾಕು. ಡಿಸ್ಚಾರ್ಜ್ ದಿನ ಆ ಹತ್ತು ನಿಮಿಷ ಸಿಗುವುದಿಲ್ಲ. ಕೈಗೆ ಬರುವುದು ಇಂಗ್ಲಿಷಿನಲ್ಲಿ ಗೀಚಿದ ಚೀಟಿ.

ವಾರ್ಡಿನಲ್ಲಿ ನಡೆಯುವುದು ಇನ್ನೂ ಅನ್ಯಾಯ. ಮೂತ್ರದ ಚೀಲ ಖಾಲಿ ಮಾಡಲು, ಮಗ್ಗುಲು ಹೊರಳಿಸಲು, ಸ್ಟ್ರೆಚರ್ ತಳ್ಳಲು, ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡಲು ಮನೆಯವರು ಬೇಕು. ಡಾಕ್ಟರ್ ರೌಂಡ್ಸ್ ಬಂದ ಕೂಡಲೇ ‘ಎಲ್ಲರೂ ಹೊರಗೆ ನಡೀರಿ, ಪಾಸ್ ಎಲ್ಲಿ?’ ಎಂದು ಅವರನ್ನೇ ಬಾಗಿಲಾಚೆ ಕಳಿಸಲಾಗುತ್ತದೆ. ಕಾಯಿಲೆ ಏನು, ಗುಳಿಗೆ ಏಕೆ ಬದಲಾಯಿತು ಎಂಬ ಮಾತು ನಡೆಯುವುದು ಆ ಹತ್ತಿಪ್ಪತ್ತು ನಿಮಿಷಗಳಲ್ಲೇ. ಕೇಳಬೇಕಾದವಳು ಕಾರಿಡಾರಿನಲ್ಲಿ ನಿಂತಿರುತ್ತಾಳೆ.

ಜನಜಂಗುಳಿಯಿಂದ ಸೋಂಕು ಹರಡುತ್ತದೆ, ಸಿಬ್ಬಂದಿಯ ಮೇಲೆ ಹಲ್ಲೆಗಳಾಗುತ್ತವೆ ಎಂಬ ಆಡಳಿತದ ಮಾತು ಸುಳ್ಳಲ್ಲ. ವೈದ್ಯಕೀಯ ಸಿಬ್ಬಂದಿಯ ರಕ್ಷಣೆಗೆಂದು 2009ರಲ್ಲೇ ರಾಜ್ಯ ಕಾಯ್ದೆ ತಂದಿದೆ, ಅದು ಬೇಕೇಬೇಕು. ಹತ್ತು ಮಂದಿಯನ್ನು ತಡೆಯಿರಿ. ಆದರೆ ನಾಳೆ ಮನೆಯಲ್ಲಿ ಆರೈಕೆ ಮಾಡುವ ಒಬ್ಬಳನ್ನು ಹೆಸರು ಬರೆದುಕೊಂಡು ಹಾಸಿಗೆಯ ಪಕ್ಕ ನಿಲ್ಲಿಸಿಕೊಳ್ಳಿ. ಏನು ಮಾಡಬೇಕೆಂದು ಗೊತ್ತಿರುವ ಮನೆಯವರು ಗಾಬರಿಬಿದ್ದು ಜಗಳಕ್ಕೆ ನಿಲ್ಲುವುದೂ ಕಡಿಮೆ.

ತಪ್ಪನ್ನು ಸಿಸ್ಟರ್‌ಗಳ ತಲೆಗೆ ಕಟ್ಟುವುದು ಸುಲಭ. ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಯ ರಾತ್ರಿ ಪಾಳಿಯನ್ನು ಕಂಡವರಿಗೆ ಅದು ಎಷ್ಟು ದೂರದ ಮಾತೆಂದು ಗೊತ್ತು. ಇಡೀ ವಾರ್ಡಿನ ಡ್ರಿಪ್, ಇಂಜೆಕ್ಷನ್, ರಿಜಿಸ್ಟರು ಎಲ್ಲ ಒಬ್ಬಿಬ್ಬರ ಹೆಗಲ ಮೇಲಿರುವಾಗ ಕಲಿಸುವುದು ಯಾವಾಗ?

ನನ್ನ ಆಕ್ಷೇಪ ನರ್ಸಿಂಗ್ ಸಂಶೋಧನೆಯ ಮೇಲೂ ಇದೆ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಗಳು ರಾಶಿ ಬಿದ್ದಿವೆ. ಬಹಳಷ್ಟಕ್ಕೆ ಅದೇ ಅಚ್ಚು: ‘ಆಯ್ದ ಆಸ್ಪತ್ರೆ’ಯೊಂದರಲ್ಲಿ ಪ್ರಶ್ನಾವಳಿ, ಒಂದು ಪಾಠ, ವಾರ ಕಳೆದು ಮತ್ತೆ ಪ್ರಶ್ನಾವಳಿ, ಅಂಕ ಏರಿತೆಂಬ ತೀರ್ಮಾನ. ಅಂಕ ಏರಿದವಳ ಮನೆಯಲ್ಲಿ ಗಂಡನ ಬೆನ್ನು ಹುಣ್ಣಾಯಿತೇ ಇಲ್ಲವೇ ಎಂದು ಆರು ತಿಂಗಳ ಮೇಲೆ ಹೋಗಿ ನೋಡಿದವರು ಎಷ್ಟು ಮಂದಿ? ಕೆನಡಾದ ಕ್ಯಾಲ್ಗರಿಯಲ್ಲಿ ಲೊರೇನ್ ರೈಟ್ ಮತ್ತು ಮೌರೀನ್ ಲೇಹಿ ಎಂಬ ನರ್ಸ್‌ಗಳು, ಕೆಲಸದ ಒತ್ತಡದ ನಡುವೆಯೂ 15 ನಿಮಿಷದಲ್ಲಿ ಕುಟುಂಬದ ಜೊತೆ ಮಾತಾಡಿ ಆರೈಕೆಯ ದಾರಿ ಹುಡುಕುವ ಕ್ರಮವನ್ನು 1999ರಲ್ಲೇ ಬರೆದಿಟ್ಟರು. ಅಷ್ಟು ದೂರವೂ ಬೇಡ. ಮೈಸೂರು, ಬೆಂಗಳೂರಿನ ನಾರಾಯಣ ಆಸ್ಪತ್ರೆಗಳಲ್ಲಿ ನೂರಾ ಹೆಲ್ತ್ ಸಂಸ್ಥೆಯ ಜೊತೆ ನರ್ಸ್‌ಗಳೇ ರೋಗಿಯ ಮನೆಯವರನ್ನು ಕೂರಿಸಿ ಕಲಿಸುವ ಕೆಲಸ ಹತ್ತು ವರ್ಷಗಳ ಹಿಂದೆಯೇ ಶುರುವಾಗಿ, ಆಮೇಲೆ ಸರ್ಕಾರಿ ಆಸ್ಪತ್ರೆಗಳಿಗೂ ಬಂತು. ನಮ್ಮ ಕಾಲೇಜುಗಳು ಇಲ್ಲಿನ ಪ್ರಶ್ನೆಗಳನ್ನು ಎತ್ತಿಕೊಳ್ಳಲಿ. ಕಂಪ್ಲಿಯಲ್ಲಿ ನಾಟಿ ಕಾಲಕ್ಕೆ ಕೂಲಿ ಬಿಟ್ಟು ಗಂಡನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವವಳ ಮನೆ ಹೇಗೆ ನಡೆಯುತ್ತದೆ? ಸೀಸನ್ನಿನ ನಾಲ್ಕು ತಿಂಗಳ ದುಡಿಮೆಯನ್ನೇ ನೆಚ್ಚಿದ ಹಂಪಿಯ ಗೈಡ್, ಆಟೊ ಚಾಲಕರ ಮನೆಯಲ್ಲಿ ಮಳೆಗಾಲಕ್ಕೆ ಗುಳಿಗೆ ನಿಲ್ಲುತ್ತದೆಯೇ? ಸಂಡೂರಿನ ಅದಿರು ಲಾರಿಗಳ ದಾರಿಯ ಮನೆಗಳಲ್ಲಿ ಉಬ್ಬಸದವರು ಇನ್‌ಹೇಲರ್ ಸರಿಯಾಗಿ ಎಳೆಯುತ್ತಿದ್ದಾರೆಯೇ?

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷ, ಗಂಡಸರು 76 ನಿಮಿಷ ಅದಕ್ಕೆ ಕೊಡುತ್ತಾರೆಂದು ಕಂಡುಬಂತು. ಹಾಗಾಗಿ ಕುಟುಂಬಕ್ಕೆ ಕಲಿಸಿ ಎನ್ನುವುದು ಇನ್ನಷ್ಟು ಹೊರೆಯನ್ನು ಹೆಂಗಸರ ಮೇಲೆ ಹೇರುವ ನೆಪವಾಗಬಾರದು. ಗಂಡುಮಕ್ಕಳನ್ನೂ ಕೂರಿಸಿ ಕಲಿಸಬೇಕು, ಜೊತೆಗೆ ಮನೆಗೆ ಬಂದು ನೋಡುವ ನರ್ಸ್ ಬೇಕು. 2024ರಲ್ಲಿ ಕೋಲಾರದಿಂದ ಆರಂಭವಾದ ‘ಗೃಹ ಆರೋಗ್ಯ’ ಯೋಜನೆ ತಪಾಸಣೆಯನ್ನು, ಗುಳಿಗೆಯನ್ನು ಮನೆ ಬಾಗಿಲಿಗೆ ತರುತ್ತದೆ. ಕಲಿಸುವ ಕೆಲಸವೂ ಅದರ ಜೊತೆಯಲ್ಲೇ ಹೊಸ್ತಿಲು ದಾಟಲಿ.

ಇದಕ್ಕೆ ಗಣಿ ಹಣ ಬಳಸಲು ನಿಯಮ ಅಡ್ಡಿ ಎನ್ನುವವರು ನಿಯಮವನ್ನೇ ಓದಲಿ. 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟು, ಹರಾಜಿನಲ್ಲಿ ಗಣಿ ಪಡೆದವರು ಶೇ 10ರಷ್ಟು ಕಟ್ಟುತ್ತಾರೆ. ಆ ಹಣದಲ್ಲಿ ಕನಿಷ್ಠ ಶೇ 60 ಆದ್ಯತೆಯ ಕ್ಷೇತ್ರಗಳಿಗೆ ಎಂದು ಅದೇ ವರ್ಷದ ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಮಾರ್ಗಸೂಚಿ ಹೇಳಿತು. ಆರೋಗ್ಯ, ವೃದ್ಧರು ಮತ್ತು ಅಂಗವಿಕಲರ ಕಲ್ಯಾಣ ಎರಡೂ ಆ ಪಟ್ಟಿಯಲ್ಲಿವೆ. ಆರೋಗ್ಯದ ವಿಷಯದಲ್ಲಂತೂ ಕಟ್ಟಡಕ್ಕಷ್ಟೇ ಒತ್ತು ಕೊಡದೆ ಸಿಬ್ಬಂದಿ, ಸಲಕರಣೆ, ಔಷಧಿ ಒದಗಿಸಬೇಕೆಂದು ಅದು ಬಿಡಿಸಿ ಬರೆದಿದೆ. ಸಂಡೂರು, ಕಂಪ್ಲಿ, ಹೊಸಪೇಟೆಯ ಆಸ್ಪತ್ರೆಗಳಲ್ಲಿ ಪಾಳಿ ಕೆಲಸದಿಂದ ಬಿಡುಗಡೆಯಾಗಿ ರೋಗಿಯ ಮನೆಯವರಿಗೆ ಕಲಿಸುವುದನ್ನಷ್ಟೇ ಮಾಡುವ, ವಾರಕ್ಕೆರಡು ದಿನ ಹಳ್ಳಿಗೆ ಹೋಗುವ ಇಬ್ಬಿಬ್ಬರು ಸಿಸ್ಟರ್‌ಗಳ ಸಂಬಳ ಎರಡೂ ಜಿಲ್ಲೆಗಳ ಮುಂದಿನ ಕ್ರಿಯಾಯೋಜನೆಯಲ್ಲಿ ಬರಬೇಕು. ಬರದಿದ್ದರೆ ಏಕೆ ಬರಲಿಲ್ಲವೆಂದು ನಮ್ಮ ಶಾಸಕರು ಲಿಖಿತವಾಗಿ ಉತ್ತರ ಕೊಡಲಿ.