ಖಾಲಿ ಮನೆಗೆ ಬೀಗ, ಬಡವನಿಗೆ ಬಯಲು!

ಮಲೆನಾಡಿನಲ್ಲಿ ಮನೆಯನ್ನು ಕೊಲ್ಲುವುದಕ್ಕೆ ಗುದ್ದಲಿ ಬೇಕಿಲ್ಲ, ಬೀಗ ಸಾಕು. ನಿಟ್ಟೂರು, ಸಂಪೆಕಟ್ಟೆ, ನಗರ, ಹುಲಿಕಲ್ಲು ಸೀಮೆಯ ಮಳೆ ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮುನ್ನ ಕೈಯಾಡಿಸದಿದ್ದರೆ ಒಂದು ಹಂಚು ಜಾರುತ್ತದೆ. ಆ ಸಂದಿಯಲ್ಲಿ ಇಳಿದ ನೀರು ರೀಪು, ಪಕಾಸಿಗಳನ್ನು ಕೊಳೆಸುತ್ತದೆ. ಮಾಡು ಕುಸಿದ ಮೇಲೆ ಗೋಡೆ ತಾನಾಗಿ ಮಲಗುತ್ತದೆ. ಒಲೆ ಉರಿಯುವ ಮನೆ ತಲೆಮಾರುಗಳ ಕಾಲ ಬಾಳುತ್ತದೆ. ಬೀಗ ಬಿದ್ದ ಮನೆ ಕೆಲವೇ ಮಳೆಗಾಲಗಳಲ್ಲಿ ಮಣ್ಣಾಗುತ್ತದೆ.

ಹೀಗೆ ಮಣ್ಣಾಗುವ ಸಾರ್ವಜನಿಕ ಕಟ್ಟಡಗಳು ಯಾರ ಸ್ವತ್ತು? ಮಕ್ಕಳಿಲ್ಲವೆಂದು ಮುಚ್ಚಿದ ಶಾಲೆ, ಹೊಸದು ಬಂದ ಮೇಲೆ ಕೈಬಿಟ್ಟ ಹಳೆಯ ಕಚೇರಿ, ನೌಕರರು ತೆರವು ಮಾಡಿದ ವಸತಿಗೃಹ—ಎಲ್ಲವೂ ಜನರ ತೆರಿಗೆಯಿಂದ ಎದ್ದವು. ವಿದ್ಯುತ್ ಯೋಜನೆಗಳ ಕಾಲೊನಿಗಳನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ವಾರಾಹಿ ಯೋಜನೆಗೆಂದು ನಮ್ಮ ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯಲ್ಲಿ ಕಾಲೊನಿ ಎದ್ದಿತು. ಅಣೆಕಟ್ಟೆ ಕಟ್ಟುವಾಗ ಬಹಳ ಕೈಗಳು ಬೇಕು. ಯಂತ್ರ ತಿರುಗತೊಡಗಿದ ಮೇಲೆ ಕೆಲವರೇ ಸಾಕು. ಕೆಲಸ ಮುಗಿದಂತೆ ಜನ ಚದುರುತ್ತಾರೆ, ಗೋಡೆಗಳು ಉಳಿಯುತ್ತವೆ. ಎಲ್ಲ ಯೋಜನಾ ಕಾಲೊನಿಗಳ ಕಥೆಯೂ ಇದೇ.

ಇನ್ನೊಂದು ಕಡೆ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ನೀರಿನಡಿ ಹೋದವು. ನಾಡಿಗೆ ಬೆಳಕು ಕೊಡಲು ತಮ್ಮ ಮನೆಯ ದೀಪ ಆರಿಸಿಕೊಂಡ ಆ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಅರವತ್ತು ವರ್ಷ ಕಳೆದರೂ ಕೂತ ನೆಲದ ಹಕ್ಕುಪತ್ರ ಸಿಕ್ಕಿಲ್ಲ. ಅವರು ಗುಡಿಸಲು ಹಾಕಿದರೆ ‘ಅರಣ್ಯ ಒತ್ತುವರಿ’. ಸರ್ಕಾರದ ಮನೆ ಪಾಳುಬಿದ್ದರೆ ‘ಇಲಾಖೆಯ ಆಸ್ತಿ’! ಇದೆಂಥ ನ್ಯಾಯ?

‘ಹಳೆಯದನ್ನು ಕೆಡವಿ ಹೊಸದು ಕಟ್ಟಿ’ ಎನ್ನುತ್ತಾರೆ ಗುತ್ತಿಗೆದಾರರು. ಗೋಡೆ ಗಟ್ಟಿಯಿರುವಾಗ ಕೆಡವಿದರೆ ಲಾಭ ಯಾರಿಗೆಂಬುದು ನಮಗೆ ಗೊತ್ತು. ‘ಕೊಡಚಾದ್ರಿಗೆ, ಕೊಲ್ಲೂರಿಗೆ ಹೋಗುವ ಯಾತ್ರಿಕರಿಗೆ ವಿಶ್ರಾಂತಿಗೃಹ ಮಾಡಿ’ ಎನ್ನುತ್ತಾರೆ ಮತ್ತೆ ಕೆಲವರು. ಯಾತ್ರಿಕರು ಬರಲಿ, ನಮ್ಮ ಅಡ್ಡಿಯಿಲ್ಲ. ಆದರೆ ಆಷಾಢದ ಮಳೆಯಲ್ಲಿಯೂ ಇಲ್ಲೇ ಇರುವವನ ತಲೆಗೆ ಮೊದಲು ಸೂರು ಬೇಕು.

ಹಳೆಯ ಕಟ್ಟಡ ಮತ್ತೆ ಬಾಳೀತೇ ಎಂದು ಅನುಮಾನಿಸುವವರು ವಿಯೆನ್ನಾ ನಗರವನ್ನು ನೋಡಲಿ. 1899ರ ಹೊತ್ತಿಗೆ ಅಲ್ಲಿ ಕಟ್ಟಿದ ನಾಲ್ಕು ದೈತ್ಯ ಅನಿಲ ಸಂಗ್ರಹಾಗಾರಗಳು ಕೆಲಸ ನಿಲ್ಲಿಸಿದ ಮೇಲೆ ಅವುಗಳನ್ನು ಕೆಡವಲಿಲ್ಲ. ಇಟ್ಟಿಗೆಯ ಹೊರಗೋಡೆ ಉಳಿಸಿಕೊಂಡು, 2001ರ ಹೊತ್ತಿಗೆ ಒಳಗೆ ನೂರಾರು ಮನೆ, ವಿದ್ಯಾರ್ಥಿನಿಲಯ, ಅಂಗಡಿ, ಸಭಾಂಗಣ ಮಾಡಿದರು. ಅಷ್ಟು ದೂರವೇಕೆ? ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಸೆರೆಮನೆಯನ್ನು ಉದ್ಯಾನ ಮಾಡಬಲ್ಲ ಸರ್ಕಾರಕ್ಕೆ ವಸತಿಗೃಹವನ್ನು ವಸತಿಗೃಹವಾಗಿಯೇ ಬಳಸಲು ಬಾರದೆ?

ಬಿರುಕುಬಿಟ್ಟ ಗೋಡೆಯ ಕೆಳಗೆ ಬಡವನನ್ನು ಕೂರಿಸಿ ಎಂದು ನಾವು ಹೇಳುತ್ತಿಲ್ಲ. ಬರಿಯ ಸೂರು ಸಾಕೆಂದೂ ಹೇಳುತ್ತಿಲ್ಲ. ಪಡಿತರ, ಶಾಲೆ, ಬಸ್ಸು ಇಲ್ಲದ ಕಡೆ ಮನೆ ಕೊಟ್ಟರೆ ಅದು ವಸತಿಯಲ್ಲ, ಗಡೀಪಾರು. ನಮ್ಮ ಬೇಡಿಕೆಗಳು ಇಷ್ಟೆ:

ಒಂದು, ತಾಲ್ಲೂಕಿನಲ್ಲಿ ಖಾಲಿ ಬಿದ್ದಿರುವ ಪ್ರತಿಯೊಂದು ಸಾರ್ವಜನಿಕ ಕಟ್ಟಡದ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಬೇಕು. ಎರಡು, ಆ ಪಟ್ಟಿ ಜನರ ಮುಂದೆ ಬರುವ ತನಕ ಯಾವುದನ್ನೂ ಕೆಡವಕೂಡದು, ಹರಾಜು ಹಾಕಕೂಡದು. ಮೂರು, ಎಂಜಿನಿಯರು ಪರೀಕ್ಷಿಸಿ ಯೋಗ್ಯವೆಂದ ಮನೆಗಳನ್ನು ಮುಳುಗಡೆಯಾದವರಿಗೂ ನಿವೇಶನರಹಿತ ಕೂಲಿಕಾರರಿಗೂ ಅಲ್ಪ ಬಾಡಿಗೆಗೆ ಕೊಡಬೇಕು. ಒಡೆತನ ಪಂಚಾಯಿತಿಯದಾಗಿರಬೇಕು, ಮಾರಾಟಕ್ಕೆ ಅವಕಾಶವಿರಬಾರದು. ಬಾಡಿಗೆಯ ಮನೆ ಸಿಕ್ಕಿತೆಂದು ಮುಳುಗಡೆಯಾದವರ ಹಕ್ಕುಪತ್ರದ ಬೇಡಿಕೆಯನ್ನು ಯಾರೂ ತಳ್ಳಿಹಾಕಕೂಡದು. ನಾಲ್ಕು, ಅದೇ ಸಾಲಿನಲ್ಲಿ ಸಹಕಾರಿ ಅಂಗಡಿ, ವಾಚನಾಲಯ, ಅಂಗನವಾಡಿಗಳಿಗೂ ಕೋಣೆ ಮೀಸಲಾಗಬೇಕು. ಮುಚ್ಚಿದ ಶಾಲೆಯನ್ನು ಊರಿನ ಕೂಟಕ್ಕೆ ಬಳಸಲಿ; ಮನೆಗಳು ತುಂಬಿ ಮಕ್ಕಳು ಬಂದ ದಿನ ಮತ್ತೆ ಶಾಲೆಯಾಗಲಿ. ಐದು, ದುರಸ್ತಿಯ ಕೂಲಿ ಊರಿನ ಬಡಗಿಗೆ, ಗಾರೆಯವನಿಗೆ ಸಲ್ಲಬೇಕು.

ಕಾನೂನಿಲ್ಲ ಎನ್ನಬೇಡಿ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಾಗಲೂ ಕಾನೂನು ಒಡೆಯನ ಕಡೆಗಿತ್ತು. 1974ರಲ್ಲಿ ಅದೇ ಕಾನೂನು ಉಳುವವನ ಕಡೆಗೆ ತಿರುಗಬೇಕಾಯಿತು. ತಾನಾಗಿ ತಿರುಗಲಿಲ್ಲ, ಜನ ತಿರುಗಿಸಿದರು.

ಮುಂದಿನ ಮಳೆಗಾಲ ಯಾರ ಆದೇಶಕ್ಕೂ ಕಾಯುವುದಿಲ್ಲ. ಹಂಚು ಜಾರುವ ಮೊದಲು ಬೀಗ ತೆಗೆಯಿರಿ. ನಿಟ್ಟೂರಿನಿಂದ ಮಾಸ್ತಿಕಟ್ಟೆಯವರೆಗಿನ ಬಂಧುಗಳೇ, ಬರುವ ಗ್ರಾಮಸಭೆಯಲ್ಲಿ ಮೊದಲ ಪ್ರಶ್ನೆ ಇದೇ ಆಗಲಿ: ಪಟ್ಟಿ ಎಲ್ಲಿ?